ಪಾಲಿಗೆ ಬಾರದ ಭಂಡಾರ

ದೀಪಾವಳಿ ಕಳೆದು, ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯವರೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಮನೆಗೆ ಬರುವ ದೈವದ ನೇಮದ ಆಮಂತ್ರಣ ಪತ್ರಿಕೆಗಳಲ್ಲಿ ‘ಸಂಜೆ ಗಂಟೆ 6ರಿಂದ ಭಂಡಾರ ಹೊರಡುವುದು’ ಎಂಬಂಥ ಒಂದು ಸಾಲು ಇದ್ದೇ ಇರುತ್ತದೆ. ಊರಿನವರು ಅದನ್ನು ನೋಡಿಕೊಂಡು ಅಂದಿನ ಕೆಲಸ ಬೇಗ ಮುಗಿಸಿ, ಸ್ನಾನ ಮಾಡಿ, ಭಂಡಾರದ ಮನೆಯ ಅಂಗಳಕ್ಕೆ ನಡೆಯುತ್ತಾರೆ. ಬೆಳಗಾವಿ ಕಡೆಯಿಂದ ವರ್ಗವಾಗಿ ಬಂದ ಮೇಷ್ಟ್ರು ಆ ಸಾಲು ಓದಿದರೆ ಅವರ ಕಣ್ಣಿಗೆ ಕಟ್ಟುವುದು ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಮುಗಿಲಿಗೆ ತೂರುವ ಅರಿಸಿನದ ಪುಡಿ. ಬೆಂಗಳೂರಿನ ಹುಡುಗನಿಗೆ ಅದು ಪುಸ್ತಕದಂಗಡಿ, ಇಲ್ಲವೇ ಖಾದಿ ಬಟ್ಟೆಯ ಮಳಿಗೆ. ಮೂಡುಬಿದಿರೆಯ ಬಸದಿಯ ಹಿರಿಯರಿಗೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಓಲೆಗರಿಗಳ ಕಟ್ಟು. ಎಲ್ಲರೂ ಹೇಳುವ ಪದ ಒಂದೇ, ಯಾರೂ ತಪ್ಪು ಹೇಳುತ್ತಿಲ್ಲ. ಬೆಲೆಯುಳ್ಳ ವಸ್ತುಗಳಿಗೆ ನಮ್ಮಲ್ಲಿರುವ ಅಷ್ಟೊಂದು ಹೆಸರುಗಳಲ್ಲಿ ಇಷ್ಟು ದೂರ ನಡೆದುಬಂದ ಇನ್ನೊಂದು ಹೆಸರನ್ನು ನಾನು ಕಾಣೆ.

ಪದದ ಹುಟ್ಟು ಅಡುಗೆಮನೆಯ ಪಕ್ಕದಲ್ಲಿದೆ. ಸಂಸ್ಕೃತದಲ್ಲಿ ‘ಭಾಂಡ’ ಎಂದರೆ ಮೊದಲಿಗೆ ಪಾತ್ರೆ, ಮಡಕೆ. ಅಲ್ಲಿಂದ ಮುಂದೆ ವ್ಯಾಪಾರಿ ಹೊತ್ತು ತರುವ ಸರಕು, ಕಸುಬಿನ ಸಲಕರಣೆ, ಕಡೆಗೆ ಬಂಡವಾಳವೂ ಆಯಿತು. ‘ಆಗಾರ’ ಎಂದರೆ ಮನೆ. ಭಾಂಡಾಗಾರವು ಪ್ರಾಕೃತದವರ ಬಾಯಲ್ಲಿ ಸವೆದು ಭಂಡಾರವಾಯಿತು; ಕನ್ನಡಕ್ಕೆ, ತುಳುವಿಗೆ, ಮರಾಠಿಗೆ, ಹಿಂದಿಗೆ ಹೀಗೆ ಸವೆದ ರೂಪದಲ್ಲೇ ಬಂತು. ಮೊದಲಿನ ಪಾತ್ರೆಯ ಅರ್ಥ ಇನ್ನೂ ಅಳಿದಿಲ್ಲ. ಮರಾಠಿಯಲ್ಲಿ ಪಾತ್ರೆಗೆ ಭಾಂಡೆ ಎನ್ನುತ್ತಾರೆ, ಧಾರವಾಡದ ಕಡೆ ಇಂದಿಗೂ ‘ಬಾಂಡೆ ಸಾಮಾನು’ ತಿಕ್ಕುತ್ತಾರೆ.

ಪಾತ್ರೆಯ ಮನೆಗೂ ಸಂಪತ್ತಿಗೂ ಏನು ಸಂಬಂಧ ಎಂದು ಕೇಳುವವರು ನಮ್ಮ ಅಜ್ಜಂದಿರ ಕಾಲದ ಗುತ್ತಿನ, ಎಂದರೆ ಊರ ಮುಖ್ಯಸ್ಥರ, ಮನೆಗಳನ್ನು ನೆನೆಯಬೇಕು. ಆಗ ಐಶ್ವರ್ಯವೆಂದರೆ ಮುಖ್ಯವಾಗಿ ಅಕ್ಕಿ. ಗೇಣಿ ಬರುತ್ತಿದ್ದುದು ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ 42 ಸೇರಿನ ಮುಡಿಗಳ ಲೆಕ್ಕದಲ್ಲಿ. ಭತ್ತ ತುಂಬಿದ ಪತ್ತಾಯ, ಎಣ್ಣೆಯ ಭರಣಿ, ಉಪ್ಪಿನ ಮರಿಗೆ, ಬೆಲ್ಲದ ಮಡಕೆ, ಇವು ಸಾಲಾಗಿರುವ ಕತ್ತಲೆ ಕೋಣೆಯೇ ಮನೆಯ ಬಲ. ಬಂಗಾರ ಇದ್ದರೂ ಆ ಕೋಣೆಯ ಯಾವುದೋ ಮೂಲೆಯ ಮಡಕೆಯಲ್ಲಿ ಇರುತ್ತಿತ್ತು.

ಈಗ ಇದೇ ಸಾಲಿನ ಬೇರೆ ಪದಗಳನ್ನು ನೋಡೋಣ. ಕನ್ನಡದ ಅಚ್ಚ ದೇಸಿ ಪದ ‘ಒಡವೆ’. ಇಂದು ಅದಕ್ಕೆ ಬಳೆ, ಸರ, ಬೆಂಡೋಲೆ ಎಂಬ ಅರ್ಥವಷ್ಟೇ ಉಳಿದಿದೆ. ಹಳಗನ್ನಡದಲ್ಲಿ ಅದಕ್ಕೆ ಯಾವುದೇ ಸ್ವತ್ತು, ವಸ್ತು, ಐಶ್ವರ್ಯ ಎಂಬ ಹರವು ಇತ್ತು. ಒಡೆಯ, ಒಡತಿ, ಒಡೆತನ, ಒಡವೆ ಎಲ್ಲ ಒಂದೇ ಬೇರಿನವು. ತಮಿಳಿನ ‘ಉಡೈಮೈ’ಯೂ ಇದರ ಒಡಹುಟ್ಟು. ನನ್ನದಾಗಿರುವುದು ಒಡವೆ. ಕರಾವಳಿಯವರು ದಿನಾ ಆಡುವ ‘ಸೊತ್ತು’ ಕೂಡ ‘ಸ್ವ’ ಎಂಬುದರಿಂದ, ಅಂದರೆ ‘ತನ್ನ’ ಎಂಬುದರಿಂದ ಬಂದದ್ದು. ‘ಬದುಕು’ ಎಂಬ ಪದಕ್ಕೂ ಆಸ್ತಿಪಾಸ್ತಿ, ಮನೆಯ ಸಾಮಾನು ಎಂಬ ಅರ್ಥವಿತ್ತೆಂಬುದನ್ನು ಹಳೆಯ ನಿಘಂಟುಗಳು ಹೇಳುತ್ತವೆ; ಬಾಳುವ ಆಧಾರವೇ ಬಾಳು ಎಂಬ ಆ ತಿಳಿವಳಿಕೆ ಬಹಳ ಚೆನ್ನ. ಬಂಟ್ವಾಳದ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯದ ಹೆಸರಿನಲ್ಲೇ ‘ತುಳು ಬದುಕು’ ಇದೆ. ಅಲ್ಲಿನ ಮಣ್ಣಿನ ಪಾತ್ರೆ, ಮರದ ಮರಿಗೆ, ಅಳತೆಯ ಸೇರು, ನೇಗಿಲು ನೊಗಗಳ ನಡುವೆ ನಿಂತರೆ ಆ ಎರಡು ಅರ್ಥಗಳು ಬೇರೆಯಾಗಿ ಕಾಣುವುದೇ ಇಲ್ಲ.

‘ನಿಧಿ’ಯ ಮಾತು ಬೇರೆ. ಕೆಳಗೆ ಇಟ್ಟದ್ದು, ಹೂತಿಟ್ಟದ್ದು ನಿಧಿ. ಇಟ್ಟವರು ಯಾರೆಂದು ಮರೆತುಹೋಗಿರುತ್ತದೆ. 1878ರಲ್ಲಿ ನಿಧಿ ಕಾಯಿದೆಯೊಂದು ಬಂತು. ನೆಲದಲ್ಲಿ ಸಿಕ್ಕ ನಿಧಿಯ ಬೆಲೆ 10 ರೂಪಾಯಿ ಮೀರಿದರೆ ಸರಕಾರಕ್ಕೆ ತಿಳಿಸಬೇಕು ಎನ್ನುತ್ತದೆ ಅದು. ಖಜಾನೆ ಅರಬಿ, ಫಾರಸಿಯಿಂದ ಬಂದ ಪದ. ಅರಸರ ಭಂಡಾರದ ಜಾಗವನ್ನು ಕಚೇರಿಯಲ್ಲಿ ಅದು ಪೂರ್ತಿ ಹಿಡಿದುಕೊಂಡಿತು. ಈಗ ತಾಲೂಕು ಖಜಾನೆಗೆ ಚಲನ್ ಕಟ್ಟುತ್ತೇವೆ, ತಾಲೂಕು ಭಂಡಾರ ಎಂದು ಯಾರೂ ಹೇಳುವುದಿಲ್ಲ.

ಒಡವೆ, ಸೊತ್ತು ಎರಡೂ ವಸ್ತು ಯಾರದು ಎಂಬುದನ್ನು ಹೇಳುತ್ತವೆ. ಭಂಡಾರ ಹೇಳುವುದು ಅದು ಎಲ್ಲಿ ಇದೆ ಎಂಬುದನ್ನು. ಹುಟ್ಟಿನಲ್ಲಿರುವ ಈ ವ್ಯತ್ಯಾಸ ಬರೀ ಪಂಡಿತರ ಲೆಕ್ಕಾಚಾರವಲ್ಲ ಎಂಬುದಕ್ಕೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳೇ ಸಾಕ್ಷಿ.

ಅರಸರ ಕಾಲದಲ್ಲೂ ಭಂಡಾರದ ಜತೆ ನೆನಪಾಗುತ್ತಿದ್ದವನು ಅದನ್ನು ನೋಡಿಕೊಳ್ಳುವ ಭಂಡಾರಿ. ಬಿಜ್ಜಳನಲ್ಲಿ ಆ ಕೆಲಸ ಮಾಡಿದ್ದರಿಂದ ಬಸವಣ್ಣನವರು ಭಂಡಾರಿ ಬಸವಣ್ಣ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಶ್ರವಣಬೆಳಗೊಳದಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಬಸದಿ ಕಟ್ಟಿಸಿದ. ಅದಕ್ಕೆ ಇಂದಿಗೂ ಭಂಡಾರಿ ಬಸದಿ ಎಂದೇ ಹೆಸರು. ನಮ್ಮ ಕರಾವಳಿಯಲ್ಲಿ ಒಂದಕ್ಕಿಂತ ಹೆಚ್ಚು ಸಮುದಾಯಗಳಲ್ಲಿ ಭಂಡಾರಿ ಎಂಬ ಮನೆಹೆಸರು ಉಳಿದಿದೆ. ಉತ್ತರ ಭಾರತದಲ್ಲಿ ಭಂಡಾರ ಎಂದರೆ ಊರಿಗೆಲ್ಲ ಬಡಿಸುವ ಅನ್ನಸಂತರ್ಪಣೆ, ಎಂದರೆ ಉಗ್ರಾಣದ ಬಾಗಿಲು ತೆರೆದ ದಿನ. ಮೈಲಾರನ ಗುಡಿಯಲ್ಲಿ, ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಅರಿಸಿನಕ್ಕೆ ಭಂಡಾರ ಎನ್ನುವುದೂ ದೇವರ ಸಂಪತ್ತು ಎಂಬ ಅರ್ಥದಿಂದಲೇ ಬಂದಿರಬೇಕು ಎಂದು ನನ್ನ ಎಣಿಕೆ. ಹಣೆಗೆ ಹಚ್ಚಿಸಿಕೊಳ್ಳದೆ ಯಾರೂ ಹಿಂದಿರುಗುವುದಿಲ್ಲ, ಮನೆಗೆ ಒಂದು ಚಿಟಿಕೆ ಕಟ್ಟಿಕೊಂಡೇ ಹೋಗುತ್ತಾರೆ.

ತುಳುನಾಡಿಗೆ ಬರೋಣ. ಇಲ್ಲಿ ದೈವಕ್ಕೆ ಎರಡು ನೆಲೆ. ನೇಮ ನಡೆಯುವ ಸಾನವೋ ಮಾಡವೋ ಒಂದು ಕಡೆ, ಭಂಡಾರದ ಮನೆ ಇನ್ನೊಂದು ಕಡೆ. ನಡುವೆ ಗದ್ದೆ ಇರಬಹುದು, ತೋಡು ಇರಬಹುದು. ಭಂಡಾರದ ಮನೆ ಸಾಮಾನ್ಯವಾಗಿ ಊರಿನ ಗುತ್ತೋ ಬರ್ಕೆಯೋ ಆಗಿರುತ್ತದೆ. ಎಷ್ಟೋ ಕಡೆ ಬರೀ ಭಂಡಾರಕ್ಕೆಂದೇ ಇರುವ ಚಿಕ್ಕ ಹಂಚಿನ ಮನೆ. ಒಳಗೆ ಉಜ್ಜಾಲು, ಎಂದರೆ ಸರಪಳಿಯಲ್ಲಿ ತೂಗಿದ ಮರದ ಮಂಚ. ಅದರ ಮೇಲೆ ದೈವದ ಮುಖವಾಡವಾದ ಮೊಗ, ಕತ್ತಿಯಾದ ಕಡ್ಸಲೆ, ಗಂಟೆ, ಚಾಮರ, ಬೆಳ್ಳಿಯ ತಲೆಪಟ್ಟಿ, ಹರಕೆಯಾಗಿ ಬಂದ ಚಿನ್ನದ ಚಿಕ್ಕಪುಟ್ಟ ಆಭರಣ. ಪಂಜುರ್ಲಿಗೆ ಹಂದಿಯ ಮುಖದ ಮೊಗ. ಕಂಚಿನದ್ದಾದರೆ ಕೋರೆಹಲ್ಲು ಹೊರಚಾಚಿ, ಕಣ್ಣು ಗುಂಡಗೆ ಎದ್ದುಬಂದು, ನೂರಾರು ಕೈಗಳು ಮುಟ್ಟಿ ಮುಟ್ಟಿ ಮೂಗಿನ ಮೇಲ್ಭಾಗ ನುಣುಪಾಗಿರುತ್ತದೆ. ಕಡ್ಸಲೆ ಕಬ್ಬಿಣದ್ದು. ಅಕ್ಕಸಾಲಿಯ ತಕ್ಕಡಿಗೆ ಹಾಕಿದರೆ ಈ ಇಡೀ ಭಂಡಾರಕ್ಕೆ ಒಂದು ಮದುವೆಯ ಚಿನ್ನದಷ್ಟೂ ಬೆಲೆ ಬಾರದೆ ಇರಬಹುದು.

ಹೊರಡುವ ಹೊತ್ತಿಗೆ ಅಂಗಳದಲ್ಲಿ ಮಾತು ನಿಲ್ಲುತ್ತದೆ. ಒಳಗೆ ದೀಪ ಹಚ್ಚಿ, ತಂತ್ರದವರು, ಗುತ್ತಿನವರು, ಗಡಿ ಹಿಡಿದ ಹಿರಿಯರು ಪ್ರಾರ್ಥನೆ ಮಾಡಿದ ಮೇಲೆ ಒಂದೊಂದು ವಸ್ತುವನ್ನೂ ಅದನ್ನು ಹೊರುವ ಹಕ್ಕಿನ ಮನೆಯವನ ಕೈಗೆ ಕೊಡುತ್ತಾರೆ. ಮೊಗ ಹೊರುವವನು ಬೇರೆ, ಕಡ್ಸಲೆ ಹಿಡಿಯುವವನು ಬೇರೆ, ದೀವಟಿಗೆಯವರು ಬೇರೆ, ಸತ್ತಿಗೆಯವರು ಬೇರೆ. ಇದರಲ್ಲಿ ಒಂದೊಂದು ಮನೆಯ ಪಾಲಿಗೂ ಒಂದೊಂದು ಕೆಲಸ. ಆ ಕೆಲಸಕ್ಕೆ ಜನ ಬಾರದಿದ್ದರೆ ಮೆರವಣಿಗೆ ಹೊರಡುವುದಿಲ್ಲ, ಕಾಯುತ್ತದೆ. ಕೊಂಬು ಊದಿ, ವಾದ್ಯ ಮೊಳಗಿ, ಸಾಲು ಗದ್ದೆಯ ಹುಣಿಯ ಮೇಲೆ ಸಾಗುವಾಗ ದಾರಿಯ ಮನೆಗಳವರು ದೀಪ ಇಟ್ಟು ನಿಂತಿರುತ್ತಾರೆ. ನೇಮ ಮುಗಿದ ಮೇಲೆ ಅದೇ ಕ್ರಮದಲ್ಲಿ ಭಂಡಾರ ಹಿಂದಿರುಗುತ್ತದೆ, ಒಂದೂ ಕಡಿಮೆಯಾಗದ ಹಾಗೆ. ಹೋದಾಗ ಎಣಿಸಿದವರ ಎದುರಲ್ಲೇ ಬಂದಾಗಲೂ ಎಣಿಕೆ.

ಈ ವ್ಯವಸ್ಥೆಯಲ್ಲಿ ಒಡೆಯ ಯಾರು? ಗುತ್ತಿನ ಯಜಮಾನನನ್ನು ಕೇಳಿ ನೋಡಿ, ‘ನಮ್ಮದೇನುಂಟು, ದೈವದ್ದು, ಸಾವಿರ ಮಂದಿಯದ್ದು’ ಎನ್ನುತ್ತಾರೆ. ಅದು ಬಾಯುಪಚಾರದ ಮಾತಲ್ಲ ಎಂಬುದನ್ನು ಇಪ್ಪತ್ತನೆಯ ಶತಮಾನ ಎರಡು ಸಲ ಒರೆಗೆ ಹಚ್ಚಿ ನೋಡಿತು. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಕುಟುಂಬಗಳಲ್ಲಿ ಹಿಂದೆ ಎಲ್ಲರ ಒಪ್ಪಿಗೆ ಇಲ್ಲದೆ ಪಾಲು ಕೇಳುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ, ಎಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. ದೊಡ್ಡ ದೊಡ್ಡ ಗುತ್ತುಗಳ ಭೂಮಿ ಪಾಲುಪಟ್ಟಿಯಾಯಿತು. 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ ಗೇಣಿಯ ಗದ್ದೆಗಳು ಉಳುವವರ ಕೈಸೇರಿದವು. ಅದು ಆಗಬೇಕಾದ ನ್ಯಾಯವೇ ಆಗಿತ್ತು. ಮುಡಿ ಅಕ್ಕಿ ಬರುವುದು ನಿಂತಿತು, ಪತ್ತಾಯಗಳು ಬರಿದಾದವು, ಮಕ್ಕಳು ಮುಂಬಯಿಗೆ ಹೋಟೆಲು ಕೆಲಸಕ್ಕೂ ಬ್ಯಾಂಕಿನ ಕೆಲಸಕ್ಕೂ ಹೋದರು. ಗದ್ದೆ, ಬಾಣೆ, ತೋಟ, ತಾಮ್ರದ ಹಂಡೆ, ಕಡೆಗೆ ಚಾವಡಿಯ ಕಂಬವೂ ಪಾಲಾದ ಮನೆಗಳುಂಟು. ಭಂಡಾರ ಮಾತ್ರ ಪಾಲಾಗದೆ ಉಳಿಯಿತು. ಗೇಣಿ ಕೊಡುತ್ತಿದ್ದವನ ಮಗ ತನ್ನದೇ ಭೂಮಿಯ ಒಡೆಯನಾಗಿ, ಅಪ್ಪ ಹೊರುತ್ತಿದ್ದ ಸತ್ತಿಗೆಯನ್ನು ಹೊರಲು ಬಂದ. ಇದರೊಳಗೆ ಜಾತಿಯ ಮೇಲುಕೀಳಿನ ಹಳೆಯ ನೋವೂ ಇದೆ. ದೈವ ಕಟ್ಟುವವನಿಗೆ ನೇಮದ ಅಂಗಳದಲ್ಲಿ ಸಿಗುವ ಗೌರವ ಮರುದಿನದ ಬೀದಿಯಲ್ಲಿ ಸಿಕ್ಕಿಲ್ಲ ಎಂಬುದನ್ನು ಮರೆತು ಈ ವ್ಯವಸ್ಥೆಯನ್ನು ಹೊಗಳುವುದು ನನ್ನಿಂದಾಗದು. ಆದರೂ ಯಾರೊಬ್ಬನೂ ಮಾರಲಾಗದ, ಅಡವಿಡಲಾಗದ, ಎಲ್ಲರೂ ಸೇರದೆ ಹೊರತರಲೂ ಆಗದ ಸಂಪತ್ತೊಂದನ್ನು ಇಷ್ಟು ಕಾಲ ಉಳಿಸಿಕೊಂಡ ಜನರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಕಥೆಯೇ ಒಂದು ಮನೆಯಿಂದ ಶುರುವಾಗುತ್ತದೆ. ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿಯರು ಇದ್ದ ನೆಲ್ಯಾಡಿ ಬೀಡನ್ನು ಧರ್ಮದೈವಗಳು ತಮಗೆ ಬಿಟ್ಟುಕೊಡಲು ಕೇಳಿದವು ಎಂಬುದು ಸ್ಥಳಪುರಾಣ. ಅದೇ ಊರಿನಲ್ಲಿ ವೀರೇಂದ್ರ ಹೆಗ್ಗಡೆಯವರು ಕಟ್ಟಿದ ವಸ್ತುಸಂಗ್ರಹಾಲಯಕ್ಕೆ ‘ಮಂಜೂಷಾ’ ಎಂದು ಹೆಸರು. ಮಂಜೂಷಾ ಎಂದರೆ ಪೆಟ್ಟಿಗೆ.

ಇನ್ನು ಮೂಡುಬಿದಿರೆ. ಜೈನಕಾಶಿ ಎಂದು ಕರೆಸಿಕೊಳ್ಳುವ ಈ ಪೇಟೆಯ ಹದಿನೆಂಟು ಬಸದಿಗಳಲ್ಲಿ ಪ್ರವಾಸಿಗರು ಮೊದಲು ಹುಡುಕುವುದು ಸಾವಿರ ಕಂಬದ ಬಸದಿಯನ್ನು. ಭಂಡಾರದ ಮಟ್ಟಿಗೆ ಮುಖ್ಯವಾದುದು ಗುರುಬಸದಿ. ಸಿದ್ಧಾಂತ ಬಸದಿ ಎಂಬ ಹೆಸರೂ ಇದಕ್ಕಿದೆ. ಅಮೂಲ್ಯ ಶಿಲೆ, ರತ್ನಗಳಲ್ಲಿ ಮಾಡಿದ ಪುಟ್ಟ ಜಿನಬಿಂಬಗಳು ಇಲ್ಲಿದ್ದವು. ಅವುಗಳ ಜತೆ ಶ್ರೀತಾಳೆಯ ಗರಿಗಳ ಮೇಲೆ ಹಳಗನ್ನಡ ಲಿಪಿಯಲ್ಲಿ ಬರೆದ ಧವಲ, ಜಯಧವಲ, ಮಹಾಧವಲ ಗ್ರಂಥಗಳು. ಯಾತ್ರಿಕರಿಗೆ ಇವನ್ನು ಒಂದೊಂದಾಗಿ ತೋರಿಸುವುದಕ್ಕೆ ಸಿದ್ಧಾಂತ ದರ್ಶನ ಎಂದು ಹೆಸರು. 2013ರ ಜುಲೈನಲ್ಲಿ ಈ ಬಸದಿಗೆ ಕನ್ನ ಹಾಕಿದ ಕಳ್ಳರು ವಿಗ್ರಹಗಳನ್ನು ಹೊತ್ತೊಯ್ದರು. ಅವುಗಳಲ್ಲಿ ಹಲವು ಮತ್ತೆ ಸಿಕ್ಕಿದವು. ಊರು ಅಂದು ಮನೆಯವರನ್ನೇ ಕಳೆದುಕೊಂಡಂತೆ ತಳಮಳಿಸಿತು.

ಆ ಓಲೆಗಳ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಧರಸೇನಾಚಾರ್ಯರು ಗಿರಿನಗರದ ಗುಹೆಯಲ್ಲಿ, ಮರೆವಿಗೆ ಸಲ್ಲುತ್ತಿದ್ದ ಆಗಮವನ್ನು ಪುಷ್ಪದಂತ, ಭೂತಬಲಿ ಎಂಬ ಇಬ್ಬರಿಗೆ ಹೇಳಿಕೊಟ್ಟರು. ಅವರು ಪ್ರಾಕೃತದಲ್ಲಿ ಕಟ್ಟಿದ್ದು ಷಟ್ಖಂಡಾಗಮ. ವೀರಸೇನಾಚಾರ್ಯರು ಅದಕ್ಕೆ 72,000 ಶ್ಲೋಕ ಪ್ರಮಾಣದ ಧವಲಾ ಟೀಕೆ ಬರೆದರು. ಕಸಾಯಪಾಹುಡವೆಂಬ ಇನ್ನೊಂದು ಆಗಮಗ್ರಂಥಕ್ಕೆ ಅವರು ಆರಂಭಿಸಿದ ಜಯಧವಲೆಯನ್ನು 837ರಲ್ಲಿ ಮುಗಿಸಿದವರು ಜಿನಸೇನರು, ನಮ್ಮ ಅಮೋಘವರ್ಷ ನೃಪತುಂಗನ ಗುರುಗಳು. ಕಾಲ ಕಳೆದಂತೆ ಈ ಗ್ರಂಥಗಳ ಹಳೆಯ ಪ್ರತಿಗಳು ಉಳಿದದ್ದು ಮೂಡುಬಿದಿರೆಯಲ್ಲಿ. ಮಹಾಧವಲವೆನ್ನುವ ಮಹಾಬಂಧದ ಪ್ರತಿಯನ್ನು ಬರೆಸಿ ಶ್ರೀಪಂಚಮಿ ನೋಂಪಿಯ ಉದ್ಯಾಪನೆಯಲ್ಲಿ ಮಾಘನಂದಿ ಮುನಿಗಳಿಗೆ ಕೊಟ್ಟವಳು ಮಲ್ಲಿಕಬ್ಬೆ ಎಂಬ ಹೆಣ್ಣುಮಗಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದ ಅತ್ತಿಮಬ್ಬೆಯ ಪರಂಪರೆ ಅದು. ಚಿನ್ನ ಕೊಡಬಲ್ಲವರು ಓಲೆ ಬರೆಸಿ ಕೊಟ್ಟರು. ಅದಕ್ಕೆ ಶಾಸ್ತ್ರದಾನ ಎಂದು ಹೆಸರು, ಅದನ್ನು ಇಡುವ ಜಾಗಕ್ಕೆ ಶಾಸ್ತ್ರಭಂಡಾರ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬರುವಾಗ ಧವಲ ದರ್ಶನ ಮಾಡುವ ವಸ್ತುವಾಗಿತ್ತು, ಓದಬಲ್ಲವರು ಬೆರಳೆಣಿಕೆಯಷ್ಟು. ಗರಿಗಳು ಜೀರ್ಣವಾಗುತ್ತಿವೆ ಎಂದು ತಿಳಿದ ಸೊಲ್ಲಾಪುರದ ಹಿರಾಚಂದ ನೇಮಚಂದರಂಥವರು ಪ್ರತಿ ಮಾಡಿಸಲು ಹೊರಟರು. 1896ರ ಸುಮಾರಿಗೆ ಶುರುವಾದ ಕೆಲಸ ಮುಗಿಯುವಾಗ 1922. ಪ್ರತಿಯೂ ಮೂಡುಬಿದಿರೆಯಿಂದ ಹೊರಗೆ ಹೋಗಬಾರದು ಎಂಬ ಕಟ್ಟಳೆ ಇತ್ತು. ಪ್ರತಿ ಮಾಡುತ್ತಿದ್ದ ಗಜಪತಿ ಶಾಸ್ತ್ರಿಗಳು ಗುಟ್ಟಾಗಿ ಮನೆಯಲ್ಲಿ ಇನ್ನೊಂದು ಕನ್ನಡ ಪ್ರತಿ ಸಿದ್ಧಮಾಡಿದರು. ಅವರ ಜತೆ ಕುಳಿತು ಬರೆದವರು ಅವರ ಹೆಂಡತಿ ಲಕ್ಷ್ಮೀಬಾಯಿ. ಆ ಪ್ರತಿ ದೂರದ ಸಹಾರನಪುರ ಸೇರಿತು, ಅಲ್ಲಿ ನಾಗರಿ ಲಿಪಿಗೆ ಇಳಿಯಿತು, ಅಲ್ಲಿಂದ ಮತ್ತೆ ಪ್ರತಿಗಳಾದವು. ಹೀರಾಲಾಲ ಜೈನರ ಸಂಪಾದನೆಯಲ್ಲಿ ಧವಲದ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಅಚ್ಚಾಗಿ ಹೊರಬಂತು; ಒಟ್ಟು 16 ಸಂಪುಟಗಳಾದವು. ಅಚ್ಚಾದುದನ್ನು ನೋಡಿದ ಮೇಲೆ ಮೂಡುಬಿದಿರೆಯವರೂ ಮೂಲದ ಓಲೆಗಳೊಡನೆ ತಾಳೆ ನೋಡಲು ಒಪ್ಪಿದರು. ಮಹಾಬಂಧದ ಮೊದಲ ಸಂಪುಟ 1947ರಲ್ಲಿ ಭಾರತೀಯ ಜ್ಞಾನಪೀಠದಿಂದ ಬಂತು.

ಇದನ್ನು ಕಳವು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಹೊರಗೆ ಬಿಡಬಾರದೆಂದು ಕಾದವರನ್ನು ಹೀಗಳೆಯಲೂ ಆಗುವುದಿಲ್ಲ. ಅವರು ಕಾಯದೆ ಇದ್ದರೆ ಪ್ರತಿ ಮಾಡಲು ಏನೂ ಉಳಿದಿರುತ್ತಿರಲಿಲ್ಲ. ಮನೆಗೆಲಸದ ನಡುವೆ ಗಂಡನ ಪಕ್ಕ ಕುಳಿತು ಅಷ್ಟೊಂದು ಸಾವಿರ ಶ್ಲೋಕ ಪ್ರಮಾಣದ ಪ್ರಾಕೃತವನ್ನು ಕನ್ನಡ ಅಕ್ಷರಗಳಲ್ಲಿ ಇಳಿಸಿದ ಲಕ್ಷ್ಮೀಬಾಯಿಯ ಹೆಸರನ್ನು ನಮ್ಮ ಶಾಲೆಯ ಮಕ್ಕಳು ಕೇಳಿಲ್ಲವಲ್ಲ ಎಂಬುದೊಂದೇ ನನ್ನ ಬೇಸರ. ದೈವದ ಭಂಡಾರ ವರ್ಷಕ್ಕೊಮ್ಮೆ ಮನೆಯಿಂದ ಇಳಿಯಲೇಬೇಕು, ಇಳಿಯದಿದ್ದರೆ ದೋಷ ಎನ್ನುತ್ತಾರೆ. ಷಟ್ಖಂಡಾಗಮ ಮುಗಿದ ದಿನವೆಂದು ನಂಬಲಾದ ಜ್ಯೇಷ್ಠ ಶುದ್ಧ ಪಂಚಮಿ, ಶ್ರುತಪಂಚಮಿಯಂದು, ಜೈನರು ಗ್ರಂಥಗಳನ್ನು ಹೊರತೆಗೆದು ಪೂಜಿಸುತ್ತಾರೆ. ಗಾಳಿ ಬೆಳಕು ಕಾಣದೆ, ಎಣಿಸುವವರಿಲ್ಲದೆ ಒಳಗೇ ಉಳಿದ ಭಂಡಾರ ಬರಬರುತ್ತ ನಿಧಿಯಾಗುತ್ತದೆ.

ಹೊರಗೆ ಹೋಗುವುದಕ್ಕೂ ಒಂದು ರೀತಿ ಇದೆ. ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ನಮ್ಮ ಕಡೆಯ ಭೂತಗಳ ಮರದ ಪ್ರತಿಮೆಗಳಿಗೆ ಒಂದು ವಿಭಾಗವೇ ಇದೆ. ಅವು ಸುರಕ್ಷಿತವಾಗಿವೆ, ಜನ ನೋಡುತ್ತಾರೆ. ಗುಟ್ಟಾಗಿ ಮಾರಾಟವಾಗುವ ಮೊಗಗಳ ಗತಿ ಹಾಗಲ್ಲ. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ದಾಟಿದ ಕಲಾವಸ್ತುವನ್ನೂ 75 ವರ್ಷ ದಾಟಿದ ಹಸ್ತಪ್ರತಿಯನ್ನೂ ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಕಾಯಿದೆ ಕೆಲಸ ಮಾಡಬೇಕಾದರೆ ವಸ್ತು ಇತ್ತು ಎಂಬುದಕ್ಕೆ ಮೊದಲು ದಾಖಲೆ ಬೇಕು. ಭಂಡಾರದ ಮನೆಗಳಲ್ಲಿ ಈ ದಾಖಲೆ ಹೆಚ್ಚಾಗಿ ಇರುವುದು ಒಬ್ಬಿಬ್ಬರು ಹಿರಿಯರ ನೆನಪಿನಲ್ಲಿ.

ದಾಖಲೆ ಮಾಡುವುದಕ್ಕೆ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮೂಡುಬಿದಿರೆಯ ವಿದ್ವಾಂಸ ಕೆ. ಭುಜಬಲಿ ಶಾಸ್ತ್ರಿಗಳು ಇಲ್ಲಿನ ಮಠ, ಬಸದಿ, ಭವನಗಳ ಓಲೆಗರಿಗಳನ್ನು ಒಂದೊಂದಾಗಿ ಬಿಚ್ಚಿ, ಗ್ರಂಥದ ಹೆಸರು, ಕರ್ತೃ, ಭಾಷೆ, ಗರಿಗಳ ಸಂಖ್ಯೆ ಬರೆದು ಪಟ್ಟಿ ಮಾಡಿದರು. ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ ಎಂಬ ಆ ಪಟ್ಟಿ 1948ರಲ್ಲಿ ಅಚ್ಚಾಯಿತು. ಪಕ್ಕದ ಅಳಿಯೂರಿನಂಥ ಸಣ್ಣ ಊರಿನ ಗ್ರಂಥಭಂಡಾರಕ್ಕೂ ಅದರಲ್ಲಿ ಜಾಗವಿದೆ. ಯಾವ ಓಲೆಯೂ ಅದರಿಂದಾಗಿ ತನ್ನ ಮನೆ ಬಿಟ್ಟು ಹೋಗಲಿಲ್ಲ.

ಭಂಡಾರದ ಮನೆಗಳಲ್ಲಿ ನೇಮಕ್ಕೆ ಮುಂಚೆ ವಸ್ತುಗಳನ್ನು ಬೆಳಗುವ ದಿನ ಒಂದಿರುತ್ತದೆ. ಆ ದಿನ, ಕಟ್ಟಳೆಗೆ ಭಂಗ ಬಾರದ ಹಾಗೆ, ಮನೆಯ ಓದಿದ ಮಕ್ಕಳಲ್ಲೊಬ್ಬರು ಒಂದು ಪುಸ್ತಕ ಹಿಡಿದು ಕೂತರೆ ಸಾಕು. ಮೊಗ ಯಾವ ಲೋಹದ್ದು, ಎಷ್ಟು ಎತ್ತರ, ಕಡ್ಸಲೆಯ ಹಿಡಿಯಲ್ಲಿ ಅಕ್ಷರವಿದೆಯೇ, ಯಾವ ಗಂಟೆಯನ್ನು ಯಾವ ಮನೆಯವರು ಯಾವ ಹರಕೆಗೆ ಕೊಟ್ಟರು, ಯಾವ ವಸ್ತುವನ್ನು ಹೊರುವ ಹಕ್ಕು ಯಾರದು ಎಂಬುದನ್ನು ಬರೆದುಕೊಳ್ಳಬೇಕು. ಪ್ರತಿ ವಸ್ತುವಿಗೂ ಆ ಊರಿನ ತುಳುವಿನಲ್ಲಿ ಏನು ಹೆಸರೋ ಅದನ್ನು ಹೇಳಿದ ಹಾಗೆಯೇ ಬರೆಯಬೇಕು; ಬಂಟ್ವಾಳದ ಹೊಳೆಬದಿಯಲ್ಲಿ ಒಂದು ಹೆಸರು, ವೇಣೂರಿನ ಕಡೆ ಇನ್ನೊಂದು ಇರಬಹುದು. ಉಡುಪಿಯಲ್ಲಿ ಉಪಾಧ್ಯಾಯ ದಂಪತಿಯ ದುಡಿಮೆಯಿಂದ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು ಜತೆಗಿದ್ದರೆ ಒಳ್ಳೆಯದು, ಅದರಲ್ಲಿಲ್ಲದ ಪದ ಸಿಕ್ಕಿದರೆ ಇನ್ನೂ ಒಳ್ಳೆಯದು. ಎರಡು ಪ್ರತಿ ಮಾಡಿ ಒಂದನ್ನು ಭಂಡಾರದ ಮನೆಯಲ್ಲೇ ಇಡಿ, ಇನ್ನೊಂದು ಊರಿನ ಆಡಳಿತ ಸಮಿತಿಯ ಬಳಿ ಇರಲಿ.